ಸತ್ತವರ ಹೆಸರಲ್ಲಿ ಸಂದೇಶ ಮಾರಿದವರು

ರೋಸ್ ಮ್ಯಾಕೆನ್‌ಬರ್ಗ್ ಕೊನೆಯವರೆಗೂ ಮದುವೆಯಾಗಲಿಲ್ಲ. ಆದರೆ 1920ರ ದಶಕದಲ್ಲಿ ಆಕೆ ಅಮೆರಿಕದ ಊರೂರು ಸುತ್ತುತ್ತಿದ್ದಾಗ, ಸತ್ತವರೊಡನೆ ಮಾತಾಡುತ್ತೇವೆನ್ನುವ ಮೀಡಿಯಂಗಳು ಒಬ್ಬರ ಹಿಂದೊಬ್ಬರಂತೆ ಆಕೆಯ ತೀರಿಹೋದ ಗಂಡನನ್ನು ಕರೆಸಿ ಮಾತಾಡಿಸಿದರು. ಹುಟ್ಟದೇ ಇದ್ದ ಮಕ್ಕಳ ಸಂದೇಶವನ್ನೂ ತಂದುಕೊಟ್ಟರು. ಪ್ರತಿ ಸಲವೂ ಆಕೆ ಕೇಳಿದಷ್ಟು ಹಣ ಕೊಟ್ಟು, ಹೇಳಿದ್ದನ್ನೆಲ್ಲ ನಂಬಿದವಳಂತೆ ಕೇಳಿಸಿಕೊಂಡು, ಮನೆ ವಿಳಾಸ, ದಿನಾಂಕ, ತೆತ್ತ ಮೊತ್ತ, ಆಡಿದ ಮಾತುಗಳನ್ನು ವರದಿ ಮಾಡುತ್ತಿದ್ದಳು.

ನ್ಯೂಯಾರ್ಕಿನ ಈ ಖಾಸಗಿ ಪತ್ತೇದಾರಿಣಿಯನ್ನು ಕೆಲಸಕ್ಕೆ ಇಟ್ಟುಕೊಂಡಿದ್ದವನು ಹ್ಯಾರಿ ಹೂಡಿನಿ. ಬೇಡಿ, ಬೀಗ, ನೀರು ತುಂಬಿದ ಪೆಟ್ಟಿಗೆ ಯಾವುದರಿಂದಲೂ ಬಿಡಿಸಿಕೊಂಡು ಹೊರಬರುತ್ತಿದ್ದ ಜಗತ್ಪ್ರಸಿದ್ಧ ಜಾದೂಗಾರ. ಅವನ ಪ್ರದರ್ಶನ ಯಾವ ಊರಿಗೆ ಬರಲಿತ್ತೋ ಆ ಊರಿಗೆ ರೋಸ್ ಕೆಲವು ದಿನ ಮೊದಲೇ ಹೋಗುತ್ತಿದ್ದಳು. ಒಂದು ಕಡೆ ವಿಧವೆ, ಇನ್ನೊಂದು ಕಡೆ ಹಳ್ಳಿಯ ಶಾಲಾ ಶಿಕ್ಷಕಿ, ಮತ್ತೊಂದು ಕಡೆ ಮನೆಗೆಲಸದವಳು. ಹೀಗೆ ವೇಷ ಹಾಕಿಕೊಂಡು ಅಲ್ಲಿಯ ಮೀಡಿಯಂಗಳ ಮನೆಗೆ ಹೊಕ್ಕು ಬರುತ್ತಿದ್ದಳು. ಪ್ರದರ್ಶನದ ರಾತ್ರಿ ಹೂಡಿನಿ ವೇದಿಕೆಯ ಮೇಲೆ ನಿಂತು ಆ ಮೀಡಿಯಂಗಳನ್ನು ಹೆಸರು ಹಿಡಿದು ಕರೆದು, ಇಂಥ ದಿನ ಇಂಥ ಮನೆಯಲ್ಲಿ ಇಷ್ಟು ಹಣ ಪಡೆದು ಇಲ್ಲದ ಗಂಡನನ್ನು ಕರೆಸಿದಿರಿ ಎಂದು ಸಾರುತ್ತಿದ್ದ. ಪ್ರೇತವಾದಿಗಳ ಚರ್ಚುಗಳು ಹಣ ಪಡೆದು ರೋಸ್‌ಗೆ ಪಾದ್ರಿಯ ಪ್ರಮಾಣಪತ್ರವನ್ನೂ ಕೊಟ್ಟವು, ಅದೂ ಹಲವು ಬಾರಿ. ಮೀಡಿಯಂಗಳ ಬಣ್ಣ ಬಯಲು ಮಾಡಿದ ಕೀರ್ತಿಯೆಲ್ಲ ಹೂಡಿನಿಯ ಪಾಲಾಗಿದೆ. ಕಾಲು ಸವೆಸಿದವಳು ಈಕೆ.

ಅವಳು ಕಂಡ ವ್ಯಾಪಾರ ಅಷ್ಟು ಜೋರಾಗಿ ನಡೆಯುತ್ತಿದ್ದುದಕ್ಕೆ ಕಾರಣವಿತ್ತು. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಸುಮಾರು 90 ಲಕ್ಷ ಸೈನಿಕರು ಸತ್ತಿದ್ದರು. ಅದರ ಬೆನ್ನಿಗೇ ಬಂದ ಇನ್‌ಫ್ಲುಯೆಂಜಾ ಇನ್ನೂ ಹೆಚ್ಚು ಜನರನ್ನು ಒಯ್ದಿತು. ಮಗನ ಹೆಣವನ್ನೂ ನೋಡದ ತಾಯಂದಿರು, ಎಲ್ಲಿ ಹೂಳಿದರೆಂದು ತಿಳಿಯದ ಹೆಂಡಂದಿರು ಲಕ್ಷಗಟ್ಟಲೆ ಇದ್ದರು. ಭೌತವಿಜ್ಞಾನಿ ಆಲಿವರ್ ಲಾಜ್ 1915ರಲ್ಲಿ ಮಗ ರೇಮಂಡ್‌ನನ್ನು ಯುದ್ಧದಲ್ಲಿ ಕಳೆದುಕೊಂಡು, ಮುಂದಿನ ವರ್ಷವೇ ಅವನ ಆತ್ಮದೊಡನೆ ನಡೆದ ಮಾತುಕತೆ ಎಂದು ಒಂದು ಪುಸ್ತಕ ಬರೆದ. ಷೆರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ 1918ರಲ್ಲಿ ಮಗ ಕಿಂಗ್ಸ್‌ಲಿಯನ್ನು ಕಳೆದುಕೊಂಡ. ಮೀಡಿಯಂಗಳ ಪರವಾಗಿ ದೇಶದೇಶ ತಿರುಗಿ ಭಾಷಣ ಮಾಡಿದ. ಇಂಥವರನ್ನು ಮೂಢರೆಂದು ಕರೆದು ಮುಂದೆ ಹೋಗುವ ಬರಹಗಳನ್ನು ನಾನು ಒಪ್ಪುವುದಿಲ್ಲ. ಅವರ ಬುದ್ಧಿಯಲ್ಲಿ ಕೊರತೆಯಿರಲಿಲ್ಲ. ಇನ್ನೊಂದೇ ಒಂದು ಸಲ ಆ ದನಿ ಕೇಳಬೇಕೆಂಬ ಹಂಬಲವಿತ್ತು. ಆ ಹಂಬಲಕ್ಕೆ ಬೆಲೆ ಕಟ್ಟಿ ಮಾರಿದವರ ಮೇಲೆಯೇ ನಮ್ಮ ಸಿಟ್ಟು ಇರಬೇಕು.

ಹೂಡಿನಿಗೂ ಆ ಹಂಬಲ ಹೊಸದಾಗಿರಲಿಲ್ಲ. ಅವನ ತಾಯಿ ಸಿಸಿಲಿಯಾ 1913ರಲ್ಲಿ ತೀರಿಕೊಂಡಿದ್ದಳು. ಡಾಯ್ಲ್‌ಗೂ ಹೂಡಿನಿಗೂ ಒಳ್ಳೆಯ ಸ್ನೇಹವಿತ್ತು. 1922ರ ಜೂನ್‌ನಲ್ಲಿ ಅಟ್ಲಾಂಟಿಕ್ ಸಿಟಿಯ ಹೋಟೆಲೊಂದರಲ್ಲಿ ಡಾಯ್ಲ್‌ನ ಹೆಂಡತಿ ಜೀನ್ ಹೂಡಿನಿಯ ತಾಯಿಯನ್ನು ಆವಾಹಿಸಿಕೊಂಡು ಪುಟದ ಮೇಲೆ ಪುಟ ಬರೆದಳು. ಒಟ್ಟು 15 ಪುಟ, ಎಲ್ಲವೂ ಇಂಗ್ಲಿಷಿನಲ್ಲಿ. ಮೊದಲ ಪುಟದ ತಲೆಯಲ್ಲಿ ಒಂದು ಶಿಲುಬೆ. ಸಿಸಿಲಿಯಾ ಯಹೂದಿ ಧರ್ಮಗುರುವಿನ ಹೆಂಡತಿ, ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದೇ ಹೊತ್ತಿಗೆ, ಜೂನ್ 17ಕ್ಕೆ, ಅವಳ ಹುಟ್ಟಿದ ದಿನವೂ ಬಂದಿತ್ತು. ಅದರ ಪ್ರಸ್ತಾಪವೇ ಆ ಪುಟಗಳಲ್ಲಿ ಇರಲಿಲ್ಲ. ಜೀನ್ ಬೇಕೆಂದು ಮೋಸ ಮಾಡಿದಳೆಂದು ನನಗನಿಸುವುದಿಲ್ಲ, ಹೂಡಿನಿಯೂ ಹಾಗೆ ಹೇಳಲಿಲ್ಲ. ಆದರೆ ತಾನು ನಂಬಲಿಲ್ಲವೆಂದು ಅವನು ಪತ್ರಿಕೆಯಲ್ಲಿ ಹೇಳಿದಾಗ ಸ್ನೇಹ ಮುರಿಯಿತು. ಡಾಯ್ಲ್ ಕೊನೆಗೆ, ಹೂಡಿನಿ ಪೆಟ್ಟಿಗೆಗಳಿಂದ ಪಾರಾಗುವುದೇ ಅತೀಂದ್ರಿಯ ಶಕ್ತಿಯಿಂದ, ಅದನ್ನು ಅವನು ಬಚ್ಚಿಡುತ್ತಿದ್ದಾನೆ ಎಂದು ವಾದಿಸಿದ.

ಅದೇ 1922ರ ಕೊನೆಗೆ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ ಎರಡು ಬಹುಮಾನ ಘೋಷಿಸಿತು. ನಿಜವಾದ ಪ್ರೇತದ ಫೋಟೋ ತೆಗೆದವರಿಗೆ 2,500 ಡಾಲರ್, ಕಣ್ಣಿಗೆ ಕಾಣುವಂಥ ಬೇರೆ ಪವಾಡ ತೋರಿಸಿದವರಿಗೆ 2,500 ಡಾಲರ್. ಪರೀಕ್ಷಿಸುವ ಸಮಿತಿಯಲ್ಲಿ ಹಾರ್ವರ್ಡ್‌ನ ಮನೋವಿಜ್ಞಾನಿ ವಿಲಿಯಂ ಮ್ಯಾಕ್‌ಡೂಗಲ್, ಭೌತವಿಜ್ಞಾನಿ ಡೇನಿಯಲ್ ಕಾಮ್‌ಸ್ಟಾಕ್ ಮೊದಲಾದ ವಿದ್ವಾಂಸರಿದ್ದರು. ಜಾದೂಗಾರನಾಗಿ ಹೂಡಿನಿಯೂ ಇದ್ದ. 1924ರ ಬೇಸಿಗೆಯಲ್ಲಿ ಸಮಿತಿಯ ಕಾರ್ಯದರ್ಶಿ ಮ್ಯಾಲ್ಕಂ ಬರ್ಡ್ ಬಾಸ್ಟನ್ನಿನ ಒಬ್ಬ ಹೆಂಗಸಿನ ಬಗ್ಗೆ ಪತ್ರಿಕೆಯಲ್ಲಿ ಬಲು ಮೆಚ್ಚಿ ಬರೆದ. ಬಹುಮಾನ ಆಕೆಗೇ ಹೋದಂತಿತ್ತು. ಸುದ್ದಿ ಕಿವಿಗೆ ಬಿದ್ದ ಹೂಡಿನಿ ತನ್ನ ಕೆಲಸ ಬಿಟ್ಟು ಬಾಸ್ಟನ್ನಿಗೆ ಓಡಿದ.

ಆಕೆಯ ಹೆಸರು ಮೀನಾ ಕ್ರಾಂಡನ್. ಪತ್ರಿಕೆಗಳಲ್ಲಿ ‘ಮಾರ್ಜರಿ’. ಗಂಡ ಲೆ ರಾಯ್ ಕ್ರಾಂಡನ್ ಹೆಸರಾಂತ ಶಸ್ತ್ರವೈದ್ಯ. ಲೈಮ್ ರಸ್ತೆಯ 10ನೇ ನಂಬರಿನ ಅವರ ಮನೆಯಲ್ಲಿ, ಕತ್ತಲಲ್ಲಿ, ಆಕೆಯ ತೀರಿಹೋದ ಅಣ್ಣ ವಾಲ್ಟರ್‌ನ ಗಂಡು ದನಿ ಕೇಳುತ್ತಿತ್ತು. ಅವನು ರೈಲ್ವೆ ಅಪಘಾತದಲ್ಲಿ ಸತ್ತಿದ್ದ. ಮೇಜು ಏಳುತ್ತಿತ್ತು, ಗಂಟೆ ಬಾರಿಸುತ್ತಿತ್ತು. ಆಕೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಸುಂದರಿ, ನಗುಮುಖದವಳು, ಬಂದವರಿಗೆಲ್ಲ ಒಳ್ಳೆಯ ಊಟ. ಸಮಿತಿಯ ಕೆಲವರು ಆ ಮನೆಯಲ್ಲೇ ಉಳಿದುಕೊಳ್ಳುತ್ತಿದ್ದರು. ಪರೀಕ್ಷಕರು ಪರೀಕ್ಷೆಗೆ ಒಳಗಾಗುವವರ ಅನ್ನ ಉಂಡರೆ ಪರೀಕ್ಷೆ ಅಲ್ಲಿಗೇ ಅರ್ಧ ಕೆಟ್ಟಿತು. ಹೂಡಿನಿ ಕಂಡುಕೊಂಡ ಮೊದಲ ದೋಷವೇ ಇದು.

1924ರ ಜುಲೈ 23ರ ರಾತ್ರಿ ಅವನು ಆಕೆಯ ಎಡಪಕ್ಕದಲ್ಲಿ ಕೂತ. ಆಕೆಯ ಎಡಗೈ ಅವನ ಕೈಯಲ್ಲಿ, ಆಕೆಯ ಎಡಗಾಲು ಅವನ ಬಲಗಾಲಿಗೆ ಒತ್ತಿಕೊಂಡು. ಬಲಗಡೆಗೆ ಗಂಡ. ಹೂಡಿನಿಯ ಪಾದಗಳ ನಡುವೆ ಒಂದು ಮರದ ಪೆಟ್ಟಿಗೆ. ಮೇಲಿನ ಹಲಗೆ ಒತ್ತಿದರೆ ಒಳಗಿನ ವಿದ್ಯುತ್ ಗಂಟೆ ಬಾರಿಸಬೇಕು. ಕೈಕಾಲು ಎಲ್ಲ ಹಿಡಿದಿರುವಾಗ ಗಂಟೆ ಬಾರಿಸಿದರೆ ಅದು ವಾಲ್ಟರ್‌ನದೇ ಕೆಲಸ ಎಂಬುದು ಏರ್ಪಾಡು. ಹೂಡಿನಿ ಆ ದಿನವಿಡೀ ಮೊಣಕಾಲಿನ ಕೆಳಗೆ ಬಿಗಿಯಾಗಿ ರಬ್ಬರಿನ ಪಟ್ಟಿ ಕಟ್ಟಿಕೊಂಡಿದ್ದ. ಸಂಜೆಯ ಹೊತ್ತಿಗೆ ಕಾಲು ಬಾತು, ತುಸು ತಾಗಿದರೂ ನೋಯುವಷ್ಟು ಸೂಕ್ಷ್ಮವಾಗಿತ್ತು. ಪಟ್ಟಿ ಬಿಚ್ಚಿ, ಕತ್ತಲಲ್ಲಿ ಷರಾಯಿ ಮೇಲೆತ್ತಿಕೊಂಡು ಬರಿಗಾಲನ್ನು ಆಕೆಯ ರೇಷ್ಮೆ ಕಾಲುಚೀಲಕ್ಕೆ ಒತ್ತಿ ಕೂತ. ಆಕೆಯ ಪಾದ ಇಷ್ಟಿಷ್ಟೇ ಜಾರುವುದು, ಪೆಟ್ಟಿಗೆಯ ಕಡೆ ಸರಿಯುವುದು, ಗಂಟೆ ಬಾರಿಸುವುದು, ಮತ್ತೆ ಹಿಂದಕ್ಕೆ ಬರುವುದು ಅವನ ಚರ್ಮಕ್ಕೆ ತಿಳಿಯಿತು.

ಅದೇ ರಾತ್ರಿ ಇನ್ನೊಂದು ನಡೆಯಿತು. ಮೆಗಫೋನು ಗಾಳಿಯಲ್ಲಿ ತೇಲುತ್ತಿದೆ, ಎಲ್ಲಿಗೆ ಎಸೆಯಲಿ ಎಂದು ವಾಲ್ಟರ್‌ನ ದನಿ ಕೇಳಿತು. ನನ್ನ ಕಡೆಗೆ ಎಂದ ಹೂಡಿನಿ. ಅದು ಅವನ ಕಾಲ ಬುಡದಲ್ಲೇ ಬಂದು ಬಿತ್ತು. ಅವನು ಕೊಟ್ಟ ವಿವರಣೆ ಇಷ್ಟು: ಕೈ ಒಂದು ಕ್ಷಣ ಬಿಡುವಾದಾಗ ಮೆಗಫೋನನ್ನು ಟೋಪಿಯಂತೆ ತಲೆಯ ಮೇಲೆ ಇಟ್ಟುಕೊಂಡಿದ್ದಳು, ಆಮೇಲೆ ಕೈಕಾಲೆರಡೂ ಹಿಡಿತದಲ್ಲಿರುವಾಗ ತಲೆ ಕೊಡವಿದಳು. ತಾನು ಕಂಡ ಕೈಚಳಕಗಳಲ್ಲೆಲ್ಲ ಇದು ಬಲು ಜಾಣತನದ್ದು ಎಂದು ಕಸುಬುದಾರನ ಮೆಚ್ಚುಗೆಯನ್ನೂ ಅವನು ಬಚ್ಚಿಡಲಿಲ್ಲ.

ಆಗಸ್ಟ್‌ನಲ್ಲಿ ನಡೆದದ್ದು ಅಷ್ಟು ಸ್ವಚ್ಛವಾಗಿಲ್ಲ. ಹೂಡಿನಿ ಮಾಡಿಸಿ ತಂದ ಮರದ ಪೆಟ್ಟಿಗೆಯೊಳಗೆ ತಲೆ, ಕೈ ಮಾತ್ರ ಹೊರಗಿರುವಂತೆ ಆಕೆಯನ್ನು ಕೂರಿಸಿದರು. ಮೊದಲ ರಾತ್ರಿ ಪೆಟ್ಟಿಗೆಯ ಮುಚ್ಚಳ ಕಿತ್ತುಬಂತು. ಮರುರಾತ್ರಿ ಪೆಟ್ಟಿಗೆಯಲ್ಲಿ ಬಡಗಿಯ ಮಡಿಸುವ ಅಳತೆಕೋಲು ಸಿಕ್ಕಿತು. ಅದನ್ನು ಇಟ್ಟವನು ನೀನು ಎಂದು ವಾಲ್ಟರ್‌ನ ದನಿ ಹೂಡಿನಿಯನ್ನು ಬೈಯಿತು. ಆಕೆಯೇ ಬಚ್ಚಿಟ್ಟು ತಂದಳೆಂದು ಹೂಡಿನಿ ಹೇಳಿದ. ಸತ್ಯ ಯಾವ ಕಡೆಗಿತ್ತೆಂಬ ಜಗಳ ಇನ್ನೂ ಮುಗಿದಿಲ್ಲ. ಏನೇ ಇರಲಿ, 1925ರ ಫೆಬ್ರುವರಿಯಲ್ಲಿ ಬಹುಮಾನ ನಿರಾಕರಿಸಲಾಯಿತು. ಮಾರ್ಜರಿಯನ್ನು ನಿಜವಾಗಿ ಮುಗಿಸಿದ್ದು ಒಂದು ಹೆಬ್ಬೆಟ್ಟು. ವಾಲ್ಟರ್ ತನ್ನ ಬೆರಳಚ್ಚನ್ನು ದಂತವೈದ್ಯರು ಬಳಸುವ ಮೇಣದ ಮೇಲೆ ಒತ್ತಿಕೊಟ್ಟಿದ್ದ. ಆಕೆಯ ಬಳಗದವನೇ ಆದ ಒಬ್ಬ ಸಂಶೋಧಕ ಆತ್ಮಗಳನ್ನು ಕರೆಸುವ ಆ ಬೈಠಕ್ಕಿಗೆ ಬಂದವರೆಲ್ಲರ ಬೆರಳಚ್ಚುಗಳನ್ನು ಹೋಲಿಸುತ್ತ ಹೋಗಿ, 1932ರಲ್ಲಿ ಅದು ಮಾರ್ಜರಿಯ ದಂತವೈದ್ಯನದೆಂದು ಕಂಡುಹಿಡಿದ. ಆ ವೈದ್ಯ ಆಗ ಬದುಕಿಯೇ ಇದ್ದ.

ಈ ಕಥೆಯಲ್ಲಿ ಪ್ರಾಧ್ಯಾಪಕರಿಗೆ ಕಾಣದ್ದು ಜಾದೂಗಾರನಿಗೆ ಕಂಡಿತು. ಪ್ರಯೋಗಶಾಲೆಯ ಕಾಂತವೋ ರಾಸಾಯನಿಕವೋ ವಿಜ್ಞಾನಿಗೆ ಎಂದೂ ಸುಳ್ಳು ಹೇಳಿದ್ದಿಲ್ಲ. ಎದುರಿಗೆ ಕೂತದ್ದು ತನ್ನನ್ನು ಮೋಸಗೊಳಿಸಲು ನೋಡುತ್ತಿದೆ ಎಂಬ ಅನುಭವವೇ ಅವನಿಗಿಲ್ಲ. ಜಾದೂಗಾರನಿಗೆ ಅದೇ ದಿನನಿತ್ಯದ ಕೆಲಸ. 1876ರಲ್ಲಿ ಲಂಡನ್ನಿನಲ್ಲೂ ಹೀಗೇ ಆಗಿತ್ತು. ಹೆನ್ರಿ ಸ್ಲೇಡ್ ಎಂಬ ಅಮೆರಿಕದ ಮೀಡಿಯಂ ಮೇಜಿನ ಕೆಳಗೆ ಸ್ಲೇಟು ಹಿಡಿದರೆ ಆತ್ಮಗಳು ಅದರ ಮೇಲೆ ಬಳಪದಿಂದ ಬರೆಯುತ್ತಿದ್ದವು. ರೇ ಲ್ಯಾಂಕೆಸ್ಟರ್ ಎಂಬ ಯುವ ಪ್ರಾಣಿವಿಜ್ಞಾನಿ ಬರವಣಿಗೆ ಶುರುವಾಗುವ ಮೊದಲೇ ಸ್ಲೇಟನ್ನು ಕಿತ್ತುಕೊಂಡ. ಉತ್ತರ ಆಗಲೇ ಅದರ ಮೇಲಿತ್ತು. ಬೋ ಸ್ಟ್ರೀಟ್ ಕೋರ್ಟಿನಲ್ಲಿ ಜಾದೂಗಾರ ಮ್ಯಾಸ್ಕೆಲಿನ್ ಆ ಬರವಣಿಗೆಯನ್ನು ಹೇಗೆ ಮಾಡಬಹುದೆಂದು ತೋರಿಸಿದ. ಮೊಕದ್ದಮೆಯ ಖರ್ಚಿಗೆ ಚಾರ್ಲ್ಸ್ ಡಾರ್ವಿನ್ 10 ಪೌಂಡ್ ಕಳಿಸಿದ. ಡಾರ್ವಿನ್‌ನ ಜತೆಗೇ ವಿಕಾಸವಾದವನ್ನು ಕಂಡುಕೊಂಡ ಆಲ್‌ಫ್ರೆಡ್ ರಸೆಲ್ ವ್ಯಾಲೇಸ್ ಸ್ಲೇಡ್‌ನ ಪರ ಸಾಕ್ಷಿ ಹೇಳಿದ. ಸ್ಲೇಡ್‌ಗೆ ಮೂರು ತಿಂಗಳ ಕಠಿಣ ಸಜೆಯಾಯಿತು, ಮೇಲ್ಮನವಿಯಲ್ಲಿ ತಾಂತ್ರಿಕ ಕಾರಣಕ್ಕೆ ಅದು ಬಿದ್ದುಹೋಯಿತು, ಅವನು ದೇಶ ಬಿಟ್ಟ.

ಇಷ್ಟಾದರೂ ಸ್ಲೇಟು ನನ್ನ ಕಣ್ಣ ಮುಂದಿನಿಂದ ಕದಲಿಯೇ ಇರಲಿಲ್ಲ ಎಂದು ಪ್ರಾಮಾಣಿಕರಾದ ನೂರಾರು ಜನ ಹೇಳುತ್ತಲೇ ಇದ್ದರು. ಈ ಮಾತನ್ನು ಪರೀಕ್ಷೆಗೆ ಒಡ್ಡಿದವನು ಎಸ್. ಜೆ. ಡೇವಿ ಎಂಬ ತರುಣ. ಮೀಡಿಯಂಗಳ ಇತಿಹಾಸದಲ್ಲಿ ಅವನ ಪ್ರಯೋಗದಷ್ಟು ನನ್ನನ್ನು ಹಿಡಿದಿಟ್ಟದ್ದು ಬೇರೊಂದಿಲ್ಲ. ಮೊದಲು ಅವನೂ ಸ್ಲೇಟಿನ ಬರವಣಿಗೆಯನ್ನು ನಂಬಿದ್ದವನು. ಆಮೇಲೆ ಅದರ ಕೈಚಳಕವನ್ನು ತಾನೇ ಕಲಿತ. ಇಂಥ ಪವಾಡಗಳನ್ನು ಪರೀಕ್ಷಿಸುತ್ತಿದ್ದ ರಿಚರ್ಡ್ ಹಾಡ್ಜ್‌ಸನ್ ಜತೆಗೂಡಿ ಜನರನ್ನು ಕರೆಸಿ, ತಾನು ಮಾಡುವುದು ಜಾದೂ ಎಂದು ಹೇಳದೆ ಬೈಠಕ್ ನಡೆಸಿದ. ಕಂಡದ್ದನ್ನು ಕಂಡಹಾಗೆ ಬರೆದುಕೊಡಿ ಎಂದು ಬಂದವರನ್ನು ಕೇಳಿಕೊಂಡ. 1887ರಲ್ಲಿ ಲಂಡನ್ನಿನ ಅತೀಂದ್ರಿಯ ಸಂಶೋಧನಾ ಸಂಘ ಆ ವರದಿಗಳನ್ನು ಪ್ರಕಟಿಸಿತು. ನಡೆದದ್ದು ಒಂದು, ಬರೆದದ್ದು ಇನ್ನೊಂದು. ಸ್ಲೇಟನ್ನು ನೋಡದೆ ಇದ್ದವರು ಚೆನ್ನಾಗಿ ತಿರುವಿಹಾಕಿ ಪರೀಕ್ಷಿಸಿದೆ ಎಂದು ಬರೆದಿದ್ದರು. ಡೇವಿ ಸ್ಲೇಟು ಬದಲಿಸಿದ ಗಳಿಗೆ ಯಾರ ವರದಿಯಲ್ಲೂ ಇರಲಿಲ್ಲ. ಘಟನೆಗಳ ಹಿಂದುಮುಂದು ಅದಲುಬದಲಾಗಿತ್ತು. ಬರೆದವರು ವಿದ್ಯಾವಂತರು, ಸುಳ್ಳು ಹೇಳುವ ಉದ್ದೇಶ ಅವರಿಗಿರಲಿಲ್ಲ. ಮುಖ್ಯವಲ್ಲವೆಂದು ಅನಿಸಿದ್ದನ್ನು ನೆನಪು ತಾನೇ ಅಳಿಸಿ, ಉಳಿದದ್ದನ್ನು ಹೊಲಿದು ಒಂದು ಪವಾಡ ಮಾಡಿಕೊಟ್ಟಿತ್ತು. ‘ನಾನೇ ಕಣ್ಣಾರೆ ಕಂಡಿದ್ದೇನೆ’ ಎಂಬ ಮಾತು ನಮ್ಮ ಊರುಗಳಲ್ಲೂ ಎಲ್ಲ ವಾದವನ್ನೂ ಮುಚ್ಚಿಹಾಕುತ್ತದೆ. ಅದನ್ನು ಹೇಳುವವರು ಸುಳ್ಳರಲ್ಲ, ಆದರೆ ಅವರ ನೆನಪು ಸಾಕ್ಷಿಯಲ್ಲ ಎಂದು ಡೇವಿ 1887ರಲ್ಲೇ ತೋರಿಸಿಕೊಟ್ಟಿದ್ದಾನೆ. ವ್ಯಾಲೇಸ್ ಮಾತ್ರ, ಡೇವಿ ತನ್ನ ಕೈಚಳಕಗಳನ್ನೆಲ್ಲ ಬಿಡಿಸಿ ತೋರಿಸದಿದ್ದರೆ ಅವನೂ ಮೀಡಿಯಂ ಇರಬೇಕೆಂದೇ ತಿಳಿಯಬೇಕಾಗುತ್ತದೆ ಎಂದ.

ಈ ಹಾಡ್ಜ್‌ಸನ್ ಅದಕ್ಕೂ ಮೊದಲು ನಮ್ಮ ನೆರೆಯ ಮದರಾಸಿಗೆ ಬಂದಿದ್ದ. ಅಡ್ಯಾರಿನ ಥಿಯಸಾಫಿಕಲ್ ಸೊಸೈಟಿಯಲ್ಲಿ ಮೇಡಂ ಬ್ಲಾವಟ್ಸ್ಕಿಯ ಕೋಣೆಗೆ ಅಂಟಿದಂತೆ ಒಂದು ಕಪಾಟಿತ್ತು. ಅದರೊಳಗೆ ಹಿಮಾಲಯದ ಮಹಾತ್ಮರ ಪತ್ರಗಳು ತಾವಾಗಿ ಬಂದು ಬೀಳುತ್ತಿದ್ದವೆಂದು ನಂಬಿಕೆ. 1884ರ ಸೆಪ್ಟೆಂಬರಿನಲ್ಲಿ ‘ಕ್ರಿಶ್ಚಿಯನ್ ಕಾಲೇಜ್ ಮ್ಯಾಗಜೀನ್’ ಅಲ್ಲಿ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಎಮಾ ಕೂಲೋಂಬ್ ಕೊಟ್ಟ ಪತ್ರಗಳನ್ನು ಅಚ್ಚುಹಾಕಿತು. ಬ್ಲಾವಟ್ಸ್ಕಿ ಈ ಪವಾಡಗಳಿಗೆ ಕೊಟ್ಟ ಸೂಚನೆಗಳು ಅವುಗಳಲ್ಲಿದ್ದವೆಂಬುದು ಆರೋಪ. ಅದೇ ಡಿಸೆಂಬರಿನಲ್ಲಿ ಬಂದ ಹಾಡ್ಜ್‌ಸನ್‌ಗೆ ಕಪಾಟು ನೋಡಲು ಸಿಗಲಿಲ್ಲ, ಅದನ್ನು ಆಗಲೇ ನಾಶ ಮಾಡಿದ್ದರು. ಸಾಕ್ಷಿಗಳನ್ನು ವಿಚಾರಿಸಿ, ಕೈಬರಹ ಹೋಲಿಸಿ, ಇದೆಲ್ಲ ವಂಚನೆ ಎಂದು 1885ರಲ್ಲಿ ವರದಿ ಕೊಟ್ಟ. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು: 1986ರಲ್ಲಿ ಅತೀಂದ್ರಿಯ ಸಂಶೋಧನಾ ಸಂಘದ್ದೇ ನಿಯತಕಾಲಿಕದಲ್ಲಿ ವರ್ನನ್ ಹ್ಯಾರಿಸನ್ ಎಂಬ ತಜ್ಞ ಹಾಡ್ಜ್‌ಸನ್‌ನ ಕೈಬರಹದ ವಾದ ಪಕ್ಷಪಾತದ್ದೆಂದು ಟೀಕಿಸಿದ. ಮೋಸ ಹಿಡಿಯಲು ಹೊರಟವನೂ ತನಗೆ ಬೇಕಾದದ್ದನ್ನೇ ಕಾಣಬಲ್ಲ. ಹಾಡ್ಜ್‌ಸನ್‌ನೇ ಮುಂದೆ ಬಾಸ್ಟನ್ನಿನ ಲಿಯೋನೋರಾ ಪೈಪರ್ ಎಂಬ ಮೀಡಿಯಂಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಕೊನೆಗೆ ಆತ್ಮಗಳು ಮಾತಾಡುತ್ತವೆಂದು ನಂಬಿದ.

ವಂಚಕರೇ ಇಲ್ಲದೆ ಮೇಜು ಓಡಾಡುವುದೂ ಉಂಟು. 1853ರಲ್ಲಿ ಇಂಗ್ಲೆಂಡಿನ ಮನೆಮನೆಗಳಲ್ಲಿ ಜನ ಮೇಜಿನ ಸುತ್ತ ಕೈಯಿಟ್ಟು ಕೂತರೆ ಅದು ತಿರುಗುತ್ತಿತ್ತು. ಮೈಕೆಲ್ ಫ್ಯಾರಡೆ ರಟ್ಟಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ಮೆತ್ತನೆಯ ಅಂಟು ಹಚ್ಚಿ, ಅವುಗಳ ಮೇಲೆ ಕೈಯಿಡಲು ಹೇಳಿದ. ಮೇಜು ಕೈಯನ್ನು ಎಳೆದರೆ ಕೆಳಗಿನ ಹಾಳೆ ಮುಂದೆ ಹೋಗಿರಬೇಕು, ಕೈ ಮೇಜನ್ನು ತಳ್ಳಿದರೆ ಮೇಲಿನದು. ಪ್ರತಿ ಸಲವೂ ಮೇಲಿನ ಹಾಳೆಯೇ ಮುಂದಿತ್ತು. ಆಮೇಲೆ ಕೈಯ ಚಲನೆ ಕಾಣಿಸುವ ಸಣ್ಣ ಮುಳ್ಳೊಂದನ್ನು ಅವರ ಕಣ್ಣೆದುರೇ ಇಟ್ಟ. ತಾವೇ ತಳ್ಳುತ್ತಿದ್ದೇವೆಂದು ಕಂಡೊಡನೆ ಮೇಜು ನಿಂತುಹೋಯಿತು. ನಮ್ಮ ಹಾಸ್ಟೆಲುಗಳ ಪ್ಲಾಂಚೆಟ್ಟಿನಲ್ಲಿ ನಾಣ್ಯ ಅಕ್ಷರದಿಂದ ಅಕ್ಷರಕ್ಕೆ ಓಡುವುದೂ ಇದೇ ಬಗೆ. ಬೆರಳಿಟ್ಟ ಗೆಳತಿಯರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಆದರೂ ನಾಣ್ಯವನ್ನು ಅವರೇ ತಳ್ಳುತ್ತಿದ್ದಾರೆ.

ಇಲ್ಲಿ ಒಂದು ಗೆರೆ ಎಳೆದುಬಿಡಬೇಕು. ಕರಾವಳಿಯ ದೈವದ ನುಡಿ, ಬಯಲುಸೀಮೆಯಲ್ಲಿ ದೇವರು ಮೈಮೇಲೆ ಬರುವುದು ಇವನ್ನು ಬಾಸ್ಟನ್ನಿನ ಕತ್ತಲೆ ಕೋಣೆಯ ಜತೆ ಒಂದೇ ಗಂಟಿಗೆ ಕಟ್ಟುವುದು ಸರಿಯಲ್ಲ. ಅವು ಊರಿನ ಎದುರು, ಊರಿನ ಕಟ್ಟುಪಾಡಿನಲ್ಲಿ ನಡೆಯುವ ಆಚರಣೆಗಳು. ಒಂಟಿ ವಿಧವೆಯೊಬ್ಬಳನ್ನು ಬಾಗಿಲು ಹಾಕಿ ಕೂರಿಸಿ ಗಂಡನ ದನಿ ಮಾರುವುದು ಬೇರೆ. ಆದರೆ ನಮ್ಮಲ್ಲೂ ಭೂತ ಬಿಡಿಸುವ ನೆಪದಲ್ಲಿ ಹೊಡೆಯುವವರು, ಸುಲಿಯುವವರು ಇದ್ದಾರೆ. ಅದಕ್ಕೇ 2017ರಲ್ಲಿ ಕರ್ನಾಟಕ ವಾಮಾಚಾರ ತಡೆಯ ಕಾಯ್ದೆ ಮಾಡಿತು. ಹೂಡಿನಿಗೆ ಅಷ್ಟೂ ಆಗಲಿಲ್ಲ. 1926ರಲ್ಲಿ ವಾಷಿಂಗ್ಟನ್ನಿನಲ್ಲಿ ಹಣಕ್ಕಾಗಿ ಭವಿಷ್ಯ ಹೇಳುವುದನ್ನು ತಡೆಯುವ ಮಸೂದೆಯ ಪರ ಅವನೂ ರೋಸ್ ಮ್ಯಾಕೆನ್‌ಬರ್ಗಳೂ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. ಸೆನೆಟರುಗಳೂ ತಮ್ಮಲ್ಲಿಗೆ ಬರುತ್ತಾರೆ, ಶ್ವೇತಭವನದಲ್ಲೂ ಬೈಠಕ್ ನಡೆದಿದೆ ಎಂದು ಮೀಡಿಯಂ ಒಬ್ಬಳು ತನಗೆ ಹೇಳಿದ್ದನ್ನು ರೋಸ್ ಅಲ್ಲಿ ಹೇಳಿದಾಗ ಸಭೆಯಲ್ಲಿ ಗದ್ದಲವೆದ್ದಿತು. ಮಸೂದೆ ಬಿದ್ದುಹೋಯಿತು. ಅದೇ ವರ್ಷ ಅಕ್ಟೋಬರ್ 31ರಂದು ಹೂಡಿನಿ ತೀರಿಕೊಂಡ.

ಸಿಕ್ಕಿಬಿದ್ದರೂ ವ್ಯಾಪಾರ ನಿಲ್ಲದಿರುವುದು ಮೊದಲಿನಿಂದಲೂ ಇದ್ದದ್ದೇ. ಇದನ್ನೆಲ್ಲ ಶುರುಮಾಡಿದವರು 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಹಳ್ಳಿಯ ಫಾಕ್ಸ್ ಸೋದರಿಯರಾದ ಮ್ಯಾಗಿ, ಕೇಟ್. ಪ್ರೇತ ಗೋಡೆ ತಟ್ಟಿ ಉತ್ತರ ಕೊಡುತ್ತದೆ ಎಂದವರು. 1888ರ ಅಕ್ಟೋಬರ್ 21ರಂದು ನ್ಯೂಯಾರ್ಕಿನ ಸಭಾಂಗಣದಲ್ಲಿ ಮ್ಯಾಗಿ ತುಂಬಿದ ಸಭೆಯೆದುರು ಕಾಲುಚೀಲದಲ್ಲಿ ನಿಂತು, ಕಾಲ್ಬೆರಳ ಗಂಟು ಸಿಡಿಸಿ ಆ ಸದ್ದನ್ನು ಮಾಡಿ ತೋರಿಸಿದಳು. ಪ್ರೇತವಾದ ಅದರಿಂದ ಕುಂದಲಿಲ್ಲ. ಮುಂದಿನ ವರ್ಷ ಮ್ಯಾಗಿಯೇ ತಪ್ಪೊಪ್ಪಿಗೆಯನ್ನು ಹಿಂದಕ್ಕೆ ಪಡೆದಳು. ಇಬ್ಬರೂ ಬಡತನದಲ್ಲಿ ಸತ್ತರು.

1960ರಲ್ಲಿ ಇಂಡಿಯಾನಾದ ಕ್ಯಾಂಪ್ ಚೆಸ್ಟರ್‌ಫೀಲ್ಡ್ ಎಂಬ ಪ್ರೇತವಾದಿಗಳ ಕೇಂದ್ರದಲ್ಲಿ ಟಾಮ್ ಓನೀಲ್ ಎಂಬ ಪತ್ರಿಕಾ ಸಂಪಾದಕ ಕತ್ತಲಲ್ಲೂ ಚಿತ್ರ ಹಿಡಿಯುವ ಇನ್‌ಫ್ರಾರೆಡ್ ಕ್ಯಾಮೆರಾ ಇಡಿಸಿದ. ಅವನು ನಂಬಿಕೆಯಿದ್ದವನು, ಆತ್ಮಗಳು ರೂಪ ತಾಳುವುದನ್ನು ಜಗತ್ತಿಗೆ ತೋರಿಸಲು ಹೊರಟಿದ್ದ. ಫಿಲ್ಮಿನಲ್ಲಿ ಕಂಡದ್ದು ಪಕ್ಕದ ಕೋಣೆಯ ಬಾಗಿಲಿನಿಂದ ತೆಳುಬಟ್ಟೆ ಹೊದ್ದು ಒಳಗೆ ಬರುತ್ತಿದ್ದ, ಅವನಿಗೆ ಪರಿಚಯವಿದ್ದ ಮನುಷ್ಯರು. ಓನೀಲ್ ಅದನ್ನು ತನ್ನ ಪತ್ರಿಕೆಯಲ್ಲಿಯೇ ಪ್ರಕಟಿಸಿ, ಓದುಗರನ್ನೂ ಜಾಹೀರಾತುಗಳನ್ನೂ ಕಳೆದುಕೊಂಡ. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಅತಿ ಧೈರ್ಯವಂತ ಅವನೇ. ಅದೇ ಕೇಂದ್ರದಲ್ಲಿ ಮೀಡಿಯಂ ಆಗಿದ್ದ ಲಮಾರ್ ಕೀನ್ 1976ರಲ್ಲಿ ಒಳಗುಟ್ಟನ್ನೆಲ್ಲ ಪುಸ್ತಕ ಮಾಡಿದ. ಬಂದವರ ಕುಟುಂಬದ ವಿವರಗಳನ್ನು ಕಡತಗಳಲ್ಲಿ ಕೂಡಿಟ್ಟು ಮೀಡಿಯಂಗಳು ಹಂಚಿಕೊಳ್ಳುತ್ತಿದ್ದರು, ಕತ್ತಲಲ್ಲಿ ಹೆಂಗಸರ ಕೈಚೀಲ ತೆರೆದು ಹುಡುಕುತ್ತಿದ್ದರು. ಮೀಡಿಯಂಗೆ ತಿಳಿಯಲಾರದ ಸಂಗತಿ ಹೇಗೆ ತಿಳಿಯಿತು ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ಇಲ್ಲಿದೆ.

ಆ ಪುಸ್ತಕವನ್ನು ಕೀನ್‌ನಿಂದ ಕೇಳಿ ಬರೆದವನು ಅಲನ್ ಸ್ಪ್ರ್ಯಾಗೆಟ್. ಅವನು 1967ರಲ್ಲಿ ಕೆನಡಾದ ಟಿವಿಯಲ್ಲಿ ಆರ್ಥರ್ ಫೋರ್ಡ್ ಎಂಬ ಮೀಡಿಯಂನ ಬೈಠಕ್ ನಡೆಸಿಕೊಟ್ಟಿದ್ದ. ಹೂಡಿನಿ ಸಾಯುವ ಮೊದಲು ಹೆಂಡತಿಗೆ ಹೇಳಿಟ್ಟ ಗುಟ್ಟಿನ ಮಾತನ್ನು ತನಗೆ ಅವನ ಆತ್ಮವೇ ತಿಳಿಸಿತೆಂದು 1929ರಲ್ಲಿ ಹೆಸರು ಮಾಡಿದ್ದವನು ಇದೇ ಫೋರ್ಡ್. ಟಿವಿಯಲ್ಲಿ ಎದುರಿಗೆ ಕೂತದ್ದು ಬಿಷಪ್ ಜೇಮ್ಸ್ ಪೈಕ್. ಹಿಂದಿನ ವರ್ಷವಷ್ಟೇ ಅವನ ಮಗ ಆತ್ಮಹತ್ಯೆ ಮಾಡಿಕೊಂಡಿದ್ದ. ಫೋರ್ಡ್ ಮಗನ ಸಂದೇಶ ಹೇಳಿದ, ಪೈಕ್‌ನ ತೀರಿಹೋದ ಹಿರಿಯರ, ಗೆಳೆಯರ ಬಗ್ಗೆ ಯಾರಿಗೂ ತಿಳಿದಿರಲಾರದ ವಿವರ ಹೇಳಿದ. ಪೈಕ್ ಪೂರ್ತಿ ನಂಬಿ, ಮರುವರ್ಷ ಒಂದು ಪುಸ್ತಕವನ್ನೇ ಬರೆದ. 1969ರಲ್ಲಿ ಜುದೇಯಾದ ಮರುಭೂಮಿಯಲ್ಲಿ ದಾರಿ ತಪ್ಪಿ ಸತ್ತ. ಫೋರ್ಡ್ 1971ರಲ್ಲಿ ಸತ್ತ. ಅವನ ಕಾಗದಪತ್ರಗಳು ಸ್ನೇಹಿತನಾದ ಪಾದ್ರಿ ವಿಲಿಯಂ ರಾಷರ್‌ಗೆ ಬಂದವು. ಅವುಗಳಲ್ಲಿ ಜನರ ನಿಧನವಾರ್ತೆಗಳ ಪತ್ರಿಕಾ ತುಣುಕುಗಳಿದ್ದವು. ಟಿವಿಯಲ್ಲಿ ಪೈಕ್‌ಗೆ ಹೇಳಿದ ವಿವರಗಳೂ ಅವುಗಳಲ್ಲಿದ್ದವು. ರಾಷರ್ ಮತ್ತು ಸ್ಪ್ರ್ಯಾಗೆಟ್ ಇಬ್ಬರೂ ಫೋರ್ಡ್‌ನನ್ನು ಮೆಚ್ಚಿಕೊಂಡಿದ್ದವರು. ಅವರು 1973ರಲ್ಲಿ ಬರೆದ ಅವನ ಜೀವನಚರಿತ್ರೆಯಲ್ಲಿ ಆ ತುಣುಕುಗಳ ಸಂಗತಿಯನ್ನು ಮುಚ್ಚಿಡದೆ ಹಾಕಿದರು.